ನಡುವಯಸ್ಸಿನಲ್ಲಿ ಎರಡನೆಯ ವೃತ್ತಿ: ಸ್ಥಿರಾಸ್ತಿ ವ್ಯವಹಾರವೂ ಶರೀರವೆಂಬ ಮೂಲಧನವೂ

ನಲವತ್ತೈದರ ಆಸುಪಾಸು ಎಂಬುದು ಸಂಬಳದಾರನ ಬಾಳಿನಲ್ಲಿ ಒಂದು ವಿಲಕ್ಷಣವಾದ ಘಟ್ಟ. ತಲೆಯಲ್ಲಿ ನರೆ ಮೂಡಿರುತ್ತದೆ; ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿ ನಿಂತಿರುತ್ತಾರೆ; ಊರಿನಲ್ಲಿ ವಯಸ್ಸಾದ ತಂದೆತಾಯಿಗಳು ನಮ್ಮ ಫೋನಿನ ದಾರಿ ಕಾಯುತ್ತಿರುತ್ತಾರೆ; ಮನೆಸಾಲದ ಕಂತುಗಳು ಇನ್ನೂ ಅರ್ಧದಷ್ಟು ಉಳಿದಿರುತ್ತವೆ. ನೌಕರಿಯಲ್ಲಿ ಏರಬೇಕಾದ ಮೆಟ್ಟಿಲುಗಳು ವಿರಳವಾಗುತ್ತ, ನಿವೃತ್ತಿಗೆ ಉಳಿದ ವರ್ಷಗಳನ್ನು ಎಣಿಸುವ ಅಭ್ಯಾಸ ನಮಗೆ ಅರಿವಿಲ್ಲದಂತೆಯೇ ಅಂಟಿಕೊಳ್ಳುತ್ತದೆ. ಇಂತಹ ಹೊತ್ತಿನಲ್ಲಿ, ಬೆಳಗಿನ ಲೋಕಲ್ ಗಾಡಿಯಲ್ಲಿ ಒಂಟಿಕಾಲಿನ ಮೇಲೆ ನಿಂತು ಚರ್ಚ್‌ಗೇಟಿನವರೆಗೆ ಹೋಗುವಾಗ, ‘ಇನ್ನೇನಾದರೂ ಸ್ವಂತದ್ದೆಂಬುದನ್ನು ಮಾಡಬಾರದೇ?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳುವುದು ಸಹಜವೇ ಆಗಿದೆ.

ಕಾಂದಿವಲಿಯಲ್ಲಿ ವಾಸಿಸುವವನಿಗೆ ಆ ಪ್ರಶ್ನೆಯ ಬೆನ್ನಿಗೇ ಒಂದು ಉತ್ತರವೂ ಕಣ್ಣೆದುರು ನಿಂತಿರುತ್ತದೆ. ಕಿಟಕಿ ತೆರೆದರೆ ಕಾಣುವುದು ಕ್ರೇನುಗಳು. ನಿನ್ನೆ ನಾಲ್ಕು ಮಾಳಿಗೆಯ ಕಟ್ಟಡವಿದ್ದಲ್ಲಿ ಇಂದು ಹಸಿರು ಬಟ್ಟೆ ಹೊದೆದ ಗೋಪುರವೊಂದು ಏಳುತ್ತಿದೆ. ಬೀದಿಗೊಂದು ಎಸ್ಟೇಟ್ ಏಜೆನ್ಸಿಯ ಫಲಕ. ‘ನಮ್ಮವರೇ ಒಬ್ಬರು ಎರಡು ಫ್ಲ್ಯಾಟು ಮಾರಿಸಿ ಕಾರು ಕೊಂಡರಂತೆ’ ಎಂಬ ಸುದ್ದಿಯೂ ಸಂಘದ ಸಭೆಯ ಚಹಾದ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೆ. ಈ ಲೇಖಕನೂ ಅದೇ ದಾರಿಯಲ್ಲಿ ಮೂರು ವರ್ಷ ಯೋಚಿಸಿ, ಒಂದಷ್ಟು ದೂರ ನಡೆದು, ಒಂದೆಡೆ ಕಾಲು ಎಡವಿ, ಈಗ ಸ್ವಲ್ಪ ನಿಧಾನಿಸಿ ನಿಂತಿರುವವನು. ಆ ಅನುಭವದ ಜಮಾ-ಖರ್ಚನ್ನು ನಮ್ಮ ಸ್ಮರಣಸಂಚಿಕೆಯ ವಾಚಕ ಬಾಂಧವರ ಮುಂದಿಡುವುದೇ ಈ ಬರಹದ ಉದ್ದೇಶ. ಆರೋಗ್ಯ ಲೇಖನಗಳ ನಡುವೆ ಈ ವಿಷಯಕ್ಕೇನು ಸ್ಥಾನ ಎಂದು ಯಾರಾದರೂ ಕೇಳಿದರೆ, ಕೊನೆಯವರೆಗೆ ಓದಬೇಕೆಂದು ವಿನಂತಿ.

ಕಾಂದಿವಲಿ ಬೆಳೆದ ಬಗೆ

ಮುಂಬಯಿಗೆ ಬಂದ ನಮ್ಮ ಹಿರಿಯರು ಮೊದಲು ನೆಲೆಸಿದುದು ಕೋಟೆ, ಗಿರ್ಗಾಂವ್, ದಾದರ್, ಮಾಟುಂಗಾಗಳ ಸುತ್ತಮುತ್ತ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಗುಮಾಸ್ತರಾಗಿ, ವಕೀಲರಾಗಿ, ಬ್ಯಾಂಕಿನ ಅಧಿಕಾರಿಗಳಾಗಿ ತಲೆಯೆತ್ತಿದವರ ಪರಂಪರೆ ನಮ್ಮದು. ನೌಕರಿಯಲ್ಲಿದ್ದುಕೊಂಡೇ ಮುಂದಿನ ಬಾಳಿಗೆ ಸಿದ್ಧರಾಗುವ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಅವರ ಮುಂದಿನ ತಲೆಮಾರು ಪಶ್ಚಿಮ ರೈಲ್ವೆಯ ಹಳಿಗುಂಟ ಉತ್ತರಕ್ಕೆ ಸರಿಯಿತು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ ಮತ್ತು 1963ರ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆಗಳಿಂದ ಮಧ್ಯಮವರ್ಗದವನಿಗೆ ಬಾಡಿಗೆಯ ಖೋಲಿಯ ಬದಲು ಸ್ವಂತದ ಎರಡು ಕೋಣೆಗಳ ಕನಸು ಕಾಣುವ ದಾರಿಯಾಯಿತು. 1977ರಲ್ಲಿ ಎಚ್.ಟಿ. ಪಾರೇಖರು ಈ ನಗರದಲ್ಲಿಯೇ ಎಚ್.ಡಿ.ಎಫ್.ಸಿ. ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಗೃಹಸಾಲವೆಂಬುದು ಸಂಬಳದಾರನ ಕೈಗೆಟುಕತೊಡಗಿತು. 1985ರಲ್ಲಿ ವಿಶ್ವಬ್ಯಾಂಕಿನ ನೆರವಿನ ಬೊಂಬಾಯಿ ನಗರಾಭಿವೃದ್ಧಿ ಯೋಜನೆ ಆರಂಭವಾಗಿ, ಮ್ಹಾಡಾ ಸಂಸ್ಥೆಯು ನಮ್ಮ ಚಾರ್ಕೋಪಿನಲ್ಲಿ ಸಣ್ಣ ಸಣ್ಣ ನಿವೇಶನಗಳನ್ನು ವಿಂಗಡಿಸಿ ಹಂಚಿತು. ಸೆಕ್ಟರುಗಳಾಗಿ ಹರಡಿರುವ ಅಲ್ಲಿನ ಸಹಕಾರಿ ಸೊಸೈಟಿಗಳಲ್ಲಿ ಕನ್ನಡಿಗರ ಮನೆಗಳು ಇಂದಿಗೂ ಕಡಿಮೆಯಿಲ್ಲ. ಪೂರ್ವಭಾಗದಲ್ಲಿ ಠಾಕೂರ್ ವಿಲೇಜ್, ಲೋಖಂಡವಾಲಾ ಬಡಾವಣೆಗಳು ತಲೆಯೆತ್ತಿದವು.

2022ರ ಏಪ್ರಿಲ್ 2ರಂದು ಮೆಟ್ರೊ ಮಾರ್ಗಗಳಾದ 2ಎ ಮತ್ತು 7ರ ಮೊದಲ ಭಾಗ ತೆರೆಯಿತು; 2023ರ ಜನವರಿಯಲ್ಲಿ ಅವು ಪೂರ್ಣಗೊಂಡವು. ಪಶ್ಚಿಮದಲ್ಲಿ ದಹಾಣೂಕರವಾಡಿ, ಪೂರ್ವದಲ್ಲಿ ಆಕುರ್ಲಿ, ಪೋಯಿಸರ್ ನಿಲ್ದಾಣಗಳ ಹೆಸರು ಫ್ಲ್ಯಾಟಿನ ಜಾಹೀರಾತುಗಳಲ್ಲಿ ಮೊದಲ ಸಾಲಿಗೇರಿದವು. ಇದರ ಜೊತೆಗೆ ಹಳೆಯ ಸೊಸೈಟಿಗಳ ಪುನರಭಿವೃದ್ಧಿ. ಸೊಸೈಟಿಯ ಒಟ್ಟು ಸದಸ್ಯರಲ್ಲಿ ಶೇಕಡಾ 51ರಷ್ಟು ಮಂದಿ ಒಪ್ಪಿದರೆ ಸಾಕೆಂಬ 2019ರ ಸರಕಾರೀ ನಿರ್ದೇಶನದ ಬಳಿಕ ಈ ಕಾರ್ಯಕ್ಕೆ ವೇಗ ಬಂದಿದೆ. ಇಷ್ಟೆಲ್ಲ ಕಣ್ಣೆದುರು ನಡೆಯುತ್ತಿರುವಾಗ, ಸಾಲದ ಕಡತಗಳಲ್ಲಿ ಹಕ್ಕುಪತ್ರಗಳನ್ನು ಇಪ್ಪತ್ತು ವರ್ಷ ಓದಿದ ಬ್ಯಾಂಕಿನ ಅಧಿಕಾರಿಗೆ ‘ಈ ಕೆಲಸ ನನಗೆ ತಿಳಿದದ್ದೇ’ ಎನಿಸಿದರೆ ತಪ್ಪೇನು?

ಹಿರಿಯರೊಬ್ಬರ ಉದಾಹರಣೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಸರಕಾರೀ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದವರು. 2000-01ರಲ್ಲಿ ಸರಕಾರೀ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆಯನ್ನು ಜಾರಿಗೆ ತಂದಾಗ ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ನೌಕರರು ಹೊರಬಂದರಷ್ಟೆ. ಅವರಲ್ಲಿ ಇವರೂ ಒಬ್ಬರು. ಆಗ ಅವರಿಗೆ ನಲವತ್ತೆಂಟು ವರ್ಷ. ಹೊರಬಂದವರಲ್ಲಿ ಅನೇಕರು ಕೈಗೆ ಬಂದ ಇಡುಗಂಟನ್ನು ಷೇರುಪೇಟೆಯಲ್ಲಿಯೋ ಬಂಧುಗಳ ವ್ಯಾಪಾರದಲ್ಲಿಯೋ ಕಳೆದುಕೊಂಡ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಇವರು ಚಾರ್ಕೋಪಿನಲ್ಲಿ ಒಂದು ಸಣ್ಣ ಗಾಳೆಯನ್ನು ಬಾಡಿಗೆಗೆ ಹಿಡಿದು ಎಸ್ಟೇಟ್ ಏಜೆನ್ಸಿ ತೆರೆದರು.

“ಮೊದಲ ಎಂಟು ತಿಂಗಳು ಒಂದು ರೂಪಾಯಿ ಹುಟ್ಟಲಿಲ್ಲ ಮಾರಾಯ್ರೇ. ಇಡುಗಂಟನ್ನು ಠೇವಣಿಯಲ್ಲಿಟ್ಟು ಮುಟ್ಟುವುದಿಲ್ಲ ಎಂದು ಮನೆಯವಳಿಗೆ ಮಾತು ಕೊಟ್ಟಿದ್ದೆ. ಆ ಮಾತೇ ನನ್ನನ್ನು ಉಳಿಸಿತು,” ಎಂದು ಅವರು ಒಮ್ಮೆ ಹೇಳಿದ್ದರು.

ಸುಮಾರು ಎರಡು ವರ್ಷಗಳ ಹಿಂದೆ ನಾನು ಅವರಲ್ಲಿಗೆ ಹೋಗಿ, “ಭಾನುವಾರಗಳಂದು ನಿಮ್ಮ ಜೊತೆ ಬಂದು ಕೆಲಸ ನೋಡಿ ಕಲಿಯಬಹುದೇ?” ಎಂದು ಕೇಳಿಕೊಂಡೆ. ಅವರು ಒಪ್ಪಿದರು, ಒಂದೇ ಕಟ್ಟಳೆ ಹಾಕಿದರು. “ನೋಡುವುದು ಮಾತ್ರ. ನೀವು ಕೆಲಸದಲ್ಲಿರುವಷ್ಟು ದಿನ ನನ್ನಿಂದ ಒಂದು ಕಾಸೂ ನಿಮಗೆ ಸಿಗುವುದಿಲ್ಲ, ನೀವು ನನಗೆ ಗಿರಾಕಿ ತರುವುದೂ ಬೇಡ.” ಆ ಕಟ್ಟಳೆಯ ಅರ್ಥ ನನಗೆ ಆ ದಿನ ಪೂರ್ತಿಯಾಗಿ ಹೊಳೆಯಲಿಲ್ಲ.

ಅವರ ಜೊತೆ ತಿರುಗಿದ ಭಾನುವಾರಗಳಲ್ಲಿ ಒಂದು ನೆನಪಿನಲ್ಲಿ ಉಳಿದಿದೆ. ಚಾರ್ಕೋಪಿನ ಒಂದು ಸೊಸೈಟಿಯಲ್ಲಿ ನಮ್ಮ ಕಡೆಯ ವೃದ್ಧೆಯೊಬ್ಬರು. ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಪತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆ ಮಾರಿ ಊರಿಗೆ ಮರಳುವ ಇರಾದೆ. ಯಾರೋ ಒಬ್ಬರು ಒಂದು ಲಕ್ಷ ರೂಪಾಯಿ ಮುಂಗಡ ತಂದು ಮೇಜಿನ ಮೇಲಿಟ್ಟು, ಬಿಳಿಯ ಹಾಳೆಯಲ್ಲಿ ರುಜು ಕೇಳಿದ್ದರು. ನಮ್ಮ ಹಿರಿಯರು ಕಾಗದಪತ್ರಗಳನ್ನು ತರಿಸಿ ನೋಡಿದರು. ಸೊಸೈಟಿಯ ಷೇರು ಸರ್ಟಿಫಿಕೇಟು ಇನ್ನೂ ಗಂಡನ ಹೆಸರಿನಲ್ಲಿಯೇ ಇತ್ತು. ನಾಮಿನಿಯಾಗಿ ಹೆಂಡತಿಯ ಹೆಸರಿತ್ತಾದರೂ, ನಾಮಿನಿ ಎಂದಾಕ್ಷಣ ಒಡೆತನ ಪೂರ್ತಿಯಾಗಿ ಬರುವುದಿಲ್ಲ. ವಾರಸುದಾರರಾದ ಇಬ್ಬರು ಮಕ್ಕಳ ಹಕ್ಕೂ ಅದರಲ್ಲಿ ಸೇರಿರುತ್ತದೆ. “ಅಮ್ಮ, ಈ ದುಡ್ಡು ಇವತ್ತು ಮುಟ್ಟಬೇಡಿ. ಮೊದಲು ಸೊಸೈಟಿಯಲ್ಲಿ ಹೆಸರು ಬದಲಾಗಲಿ, ಮಕ್ಕಳಿಬ್ಬರೂ ಹಕ್ಕುಬಿಡುಗಡೆಯ ಪತ್ರ ನೋಂದಾಯಿಸಿಕೊಡಲಿ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದರು. ಆ ವ್ಯವಹಾರ ಮುಗಿಯಲು ಏಳು ತಿಂಗಳು ಹಿಡಿಯಿತು. ಹಿರಿಯರ ದಲ್ಲಾಳಿಯೂ ಏಳು ತಿಂಗಳು ತಡವಾಯಿತು. ಆದರೆ ಆ ತಾಯಿ ನಿಶ್ಚಿಂತೆಯಿಂದ ಊರಿನ ಗಾಡಿ ಹತ್ತಿದರು.

ದಲ್ಲಾಳಿ ಎಂದರೆ ನಮ್ಮವರಲ್ಲಿ ಇಂದಿಗೂ ಒಂದು ಬಗೆಯ ತಾತ್ಸಾರವಿದೆ. ಆ ಭಾನುವಾರದ ಬಳಿಕ ನನ್ನಲ್ಲಿ ಆ ತಾತ್ಸಾರ ಉಳಿಯಲಿಲ್ಲ. ಪತ್ರಗಳನ್ನು ಓದಬಲ್ಲ, ತಾಳ್ಮೆಯುಳ್ಳ, ನಾಳೆಯ ಗಿರಾಕಿಗಿಂತ ಇಂದಿನ ಸತ್ಯವನ್ನು ಮುಖ್ಯವೆಂದು ತಿಳಿದ ಮನುಷ್ಯನಿಗೆ ಇದು ಗೌರವದ ವೃತ್ತಿಯೇ ಸರಿ.

ಆದಾಯದ ನಿಜ ಲೆಕ್ಕ

ವಾಣಿಜ್ಯದ ವಿದ್ಯಾರ್ಥಿಯಾಗಿದ್ದವನಾದ ಕಾರಣ ಲೆಕ್ಕ ಬರೆಯದೆ ಮುಂದೆ ಹೋಗಲಾರೆ. ನಮ್ಮ ಕಡೆ ಮಾರಾಟದ ವ್ಯವಹಾರದಲ್ಲಿ ದಲ್ಲಾಳಿ ಸಾಮಾನ್ಯವಾಗಿ ಶೇಕಡಾ ಒಂದರಿಂದ ಎರಡು. ಇದು ರೂಢಿಯೇ ಹೊರತು ಕಾಯಿದೆ ಗೊತ್ತುಪಡಿಸಿದ ದರವಲ್ಲ. ಉದಾಹರಣೆಗೆ ಒಂದು ಕೋಟಿ ರೂಪಾಯಿ ಬೆಲೆಯ ಫ್ಲ್ಯಾಟೊಂದು ಕೈ ಬದಲಾಯಿಸಿತೆನ್ನೋಣ. ಶೇಕಡಾ ಒಂದರಂತೆ ಒಂದು ಲಕ್ಷ. ನಡುವೆ ಇನ್ನೊಬ್ಬ ಏಜೆಂಟನಿದ್ದರೆ ಪಾಲಾಗಿ ಐವತ್ತು ಸಾವಿರ. ಕೊಳ್ಳುವವನು ಈ ನಗರದಲ್ಲಿ 2022ರ ಏಪ್ರಿಲಿನಿಂದ ಶೇಕಡಾ 6ರಂತೆ, ಮಹಿಳೆಯ ಹೆಸರಿಗೆ ಕೊಂಡರೆ ಶೇಕಡಾ 5ರಂತೆ, ಮುದ್ರಾಂಕ ಶುಲ್ಕ ತೆರುತ್ತಾನೆ. ಒಂದು ಕೋಟಿಗೆ ಆರು ಲಕ್ಷ ಅಲ್ಲಿಗೇ ಹೋಯಿತು. ಅಷ್ಟು ಕೊಟ್ಟು ಬಸವಳಿದವನು ಚೌಕಾಸಿ ಮಾಡಲು ಉಳಿಯುವ ಒಂದೇ ಬಾಬತ್ತು ಏಜೆಂಟನ ದಲ್ಲಾಳಿ!

ಬಾಡಿಗೆಯ ವ್ಯವಹಾರದಲ್ಲಿ, ಅಂದರೆ ಲೀವ್ ಆಂಡ್ ಲೈಸನ್ಸಿನಲ್ಲಿ, ಒಂದು ತಿಂಗಳ ಬಾಡಿಗೆ ದಲ್ಲಾಳಿಯಾಗಿ ಸಿಗುವುದುಂಟು. ಮೂವತ್ತು ಸಾವಿರದ ಬಾಡಿಗೆಯ ಹತ್ತು ಮನೆಗಳನ್ನು ವರ್ಷದಲ್ಲಿ ಕೊಡಿಸಿದರೆ ಮೂರು ಲಕ್ಷ. ಕೇಳಲು ಇಂಪಾಗಿದೆ. ಆದರೆ ಹತ್ತು ಮನೆ ಕೊಡಿಸಲು ನೂರು ಮನೆ ತೋರಿಸಬೇಕು. ನೂರು ಬಾರಿ ಕೀಲಿಕೈಗಾಗಿ ವಾಚ್‌ಮನ್ನನನ್ನು ಕಾಯಬೇಕು. ಇದರಿಂದ ಗಾಳೆಯ ಬಾಡಿಗೆ, ಜಾಹೀರಾತು, ಓಡಾಟ, ಆದಾಯ ತೆರಿಗೆ ಕಳೆಯಬೇಕು. ವರ್ಷದ ವಹಿವಾಟು ಇಪ್ಪತ್ತು ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿಯೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಆದಾಯಕ್ಕೆ ತಿಂಗಳ ಕೊನೆಯ ತಾರೀಕು ಎಂಬುದಿಲ್ಲ. ಬಂದರೆ ಮಳೆ, ಬಾರದಿದ್ದರೆ ಬರ. ಆದ್ದರಿಂದ ಕನಿಷ್ಠ ಒಂದು ವರ್ಷದ ಸಂಸಾರವೆಚ್ಚ ಮತ್ತು ಸಾಲದ ಕಂತುಗಳಿಗಾಗುವಷ್ಟು ಹಣವನ್ನು ಬೇರೆಯಾಗಿ ತೆಗೆದಿರಿಸದೆ ಈ ನೀರಿಗೆ ಇಳಿಯಬಾರದು.

ಕಾಯಿದೆ ಮತ್ತು ಪರೀಕ್ಷೆ

ಹಿಂದೆ ಒಂದು ಡೈರಿ, ಒಂದು ಫೋನು ಇದ್ದರೆ ಎಸ್ಟೇಟ್ ಏಜೆಂಟನಾಗಬಹುದಿತ್ತು. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, ಜನರ ಬಾಯಲ್ಲಿ ‘ರೇರಾ’, ಆ ಕಾಲವನ್ನು ಮುಗಿಸಿತು. ನಮ್ಮ ರಾಜ್ಯದ ಪ್ರಾಧಿಕಾರವಾದ ‘ಮಹಾರೇರಾ’ 2017ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ನೋಂದಣಿಯಾದ ನಿರ್ಮಾಣ ಯೋಜನೆಗಳಲ್ಲಿ ಮನೆ ಮಾರಿಸುವ ಏಜೆಂಟನೂ ತನ್ನ ಹೆಸರನ್ನು ನೋಂದಾಯಿಸಿಕೊಳ್ಳಲೇಬೇಕು. ಒಬ್ಬ ವ್ಯಕ್ತಿಗೆ ಶುಲ್ಕ 10,000 ರೂಪಾಯಿ. ಅವಧಿ ಐದು ವರ್ಷ. ನೋಂದಣಿಯಿಲ್ಲದೆ ವ್ಯವಹರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಬೀಳಬಹುದು.

2023ರ ಜನವರಿಯಲ್ಲಿ ಪ್ರಾಧಿಕಾರವು ಇನ್ನೊಂದು ಹೆಜ್ಜೆ ಮುಂದಿಟ್ಟು, ಏಜೆಂಟರು ನಿಗದಿತ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದನ್ನು ಕಡ್ಡಾಯ ಮಾಡಿತು. 2024ರಲ್ಲಿ, ಈ ಪ್ರಮಾಣಪತ್ರ ಪಡೆಯದ ಸುಮಾರು 20,000 ಏಜೆಂಟರ ನೋಂದಣಿಯನ್ನು ಅದು ಅಮಾನತಿನಲ್ಲಿಟ್ಟಿತು. ಪರೀಕ್ಷೆ ನಡೆಸುವ ಹೊಣೆ ಯಾರದೆಂದು ಬಲ್ಲಿರಾ? ಐ.ಬಿ.ಪಿ.ಎಸ್. ಸಂಸ್ಥೆಯದು. ನಮ್ಮ ಮಕ್ಕಳು ಬ್ಯಾಂಕಿನ ನೌಕರಿಗಾಗಿ ಬರೆಯುವ ಪರೀಕ್ಷೆಯನ್ನು ನಡೆಸುವ ಅದೇ ಸಂಸ್ಥೆ. ಅದರ ಮುಖ್ಯ ಕಚೇರಿ ಇರುವುದು ನಮ್ಮ ಕಾಂದಿವಲಿ ಪೂರ್ವದಲ್ಲಿ, ಠಾಕೂರ್ ಪಾಲಿಟೆಕ್ನಿಕ್ಕಿನ ಬಳಿ. ಬ್ಯಾಂಕಿನೊಳಗೆ ಹೋಗುವ ಬಾಗಿಲೂ ಅದರಿಂದ ಹೊರಗೆ ಹೊಸ ವೃತ್ತಿಗೆ ತೆರೆಯುವ ಬಾಗಿಲೂ ಒಂದೇ ಮನೆಯಲ್ಲಿರುವುದನ್ನು ಕಂಡು ನನಗೆ ನಗು ಬಂದಿತು.

ಪರೀಕ್ಷೆಗೆ ಕುಳಿತುಕೊಳ್ಳುವುದು ವ್ಯಾಪಾರವಲ್ಲ. ಆದರೂ ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿಯೇ ತರಬೇತಿಗೆ ಸೇರಿದೆ. ಕಾರ್ಪೆಟ್ ಏರಿಯಾದ ನಿಖರ ಅರ್ಥವೇನು, ನೋಂದಾಯಿತ ಕರಾರುಪತ್ರಕ್ಕೆ ಮೊದಲು ಬಿಲ್ಡರನು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಏಕೆ, ಗಿರಾಕಿಗಳಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸಬೇಕಾದುದೇಕೆ ಎಂಬುದನ್ನೆಲ್ಲ ಅಲ್ಲಿ ಕ್ರಮವಾಗಿ ಓದಬೇಕು. ಸಾಲದ ಕಡತ ನೋಡಿದವನಿಗೆ ಇದು ಕಠಿಣವಲ್ಲ. 2025ರಲ್ಲಿ ಪರೀಕ್ಷೆ ಬರೆದೆ, ತೇರ್ಗಡೆಯಾದೆ. ಇಪ್ಪತ್ತು ವರ್ಷಗಳ ಬಳಿಕ ಪರೀಕ್ಷಾ ಕೊಠಡಿಯಲ್ಲಿ ಕುಳಿತಾಗ ಅಂಗೈ ಬೆವರಿದ್ದು ಮಾತ್ರ ಸುಳ್ಳಲ್ಲ.

ಎರಡು ದೋಣಿಯ ಪಯಣ

‘ಹಾಗಾದರೆ ನೌಕರಿಯಲ್ಲಿದ್ದುಕೊಂಡೇ ಭಾನುವಾರಗಳಂದು ವ್ಯವಹಾರ ಮಾಡಬಾರದೇ?’ ಎಂದು ಕೇಳುವವರಿದ್ದಾರೆ. ಖಾಸಗಿ ಸಂಸ್ಥೆಗಳಲ್ಲಿ ಇರುವವರು ತಮ್ಮ ನೇಮಕಾತಿ ಪತ್ರವನ್ನು ಮತ್ತೊಮ್ಮೆ ತೆರೆದು ಓದಬೇಕು. ಬಹುಪಾಲು ಪತ್ರಗಳಲ್ಲಿ ಬೇರೆ ಉದ್ಯೋಗವನ್ನು ನಿಷೇಧಿಸುವ ಒಂದು ಸಾಲು ಇದ್ದೇ ಇರುತ್ತದೆ. ಸರಕಾರೀ ಬ್ಯಾಂಕಿನ ಅಧಿಕಾರಿಗಳಿಗಂತೂ ನಡತೆಯ ನಿಯಮಗಳು ಸ್ಪಷ್ಟವಾಗಿವೆ. ಪೂರ್ವಾನುಮತಿಯಿಲ್ಲದೆ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಮಾಡುವಂತಿಲ್ಲ. ಹೆಂಡತಿಯ ಅಥವಾ ಮನೆಯವರ ಹೆಸರಿನಲ್ಲಿರುವ ಕಮಿಷನ್ ಏಜೆನ್ಸಿಗಾಗಿ ಅಧಿಕಾರಿ ಗಿರಾಕಿಗಳನ್ನು ಹಿಡಿದುಕೊಟ್ಟರೂ ಅದು ನಿಯಮಭಂಗವೇ.

ಬೇರೊಂದು ಬ್ಯಾಂಕಿನಲ್ಲಿದ್ದ ನನ್ನ ಮಿತ್ರರೊಬ್ಬರು ಇದನ್ನು ಲಘುವಾಗಿ ಎಣಿಸಿದರು. ಪತ್ನಿಯ ಹೆಸರಿನಲ್ಲಿ ಏಜೆನ್ಸಿ. ಗೃಹಸಾಲಕ್ಕೆಂದು ಮೇಜಿನ ಮುಂದೆ ಬಂದವರಿಗೆ ‘ಮನೆ ನೋಡಿಯಾಯಿತೇ? ನಮ್ಮವರೊಬ್ಬರು ತೋರಿಸುತ್ತಾರೆ’ ಎಂಬ ಸಲಹೆ. ಎರಡು ವರ್ಷ ಸುಸೂತ್ರವಾಗಿ ಸಾಗಿತು. ಬಳಿಕ ವ್ಯವಹಾರ ಕೆಟ್ಟ ಗಿರಾಕಿಯೊಬ್ಬನು ದೂರು ಬರೆದನು. ದೋಷಾರೋಪಣ ಪತ್ರ, ವಿಚಾರಣೆ, ವಾರ್ಷಿಕ ಬಡ್ತಿಗೆ ತಡೆ, ಕೈತಪ್ಪಿದ ಪದೋನ್ನತಿ. ಅವರು ದುಷ್ಟರಲ್ಲ. ಆದರೆ ಒಂದು ಮಾತನ್ನು ಮರೆತಿದ್ದರು: ಸಾಲ ಮಂಜೂರು ಮಾಡುವ ಕೈಯೇ ದಲ್ಲಾಳಿ ಎಣಿಸತೊಡಗಿದರೆ, ಆ ಮನೆಯ ದೋಷವನ್ನು ಗಿರಾಕಿಗೆ ಹೇಳಬೇಕಾದ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಹಿರಿಯರು ನನಗೆ ಹಾಕಿದ ಕಟ್ಟಳೆಯ ಅರ್ಥ ಹೊಳೆದದ್ದು ಆಗಲೇ.

ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಹಾಗೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿದ ಹೆಸರುಗಳು ಫಲಕಗಳಿಂದ ಅಳಿದಾಗ, ‘ನಮ್ಮ ನೌಕರಿಯೂ ಶಾಶ್ವತವಲ್ಲ’ ಎಂಬ ಭಾವನೆ ಅನೇಕರ ಎದೆಯನ್ನು ಹೊಕ್ಕಿತು. ಎರಡನೆಯ ವೃತ್ತಿಯ ಹಂಬಲಕ್ಕೆ ಆಸೆಯಷ್ಟೇ ಈ ಅಳುಕೂ ಕಾರಣ. ಅಳುಕಿನಿಂದ ಹೊರಟವನು ಅವಸರಪಡುತ್ತಾನೆ. ನಾನೂ ಅವಸರಪಟ್ಟೆ.

ಶರೀರದ ಲೆಕ್ಕಪುಸ್ತಕ

ಕಳೆದ ವರ್ಷ ನಮ್ಮ ಸಂಘದ ವತಿಯಿಂದ ಉಚಿತ ಆರೋಗ್ಯ ತಪಾಸಣಾ ಶಿಬಿರ ಜರಗಿತು. ಕುರ್ಚಿಗಳನ್ನು ಜೋಡಿಸುವ ಕೆಲಸಕ್ಕೆಂದು ಹೋದವನು ನಾನು. ಕೆಲಸ ಮುಗಿದ ಮೇಲೆ ಸುಮ್ಮನೆ ಕೈಚಾಚಿ ಕುಳಿತೆ. ರಕ್ತದೊತ್ತಡ 156/98. ವೈದ್ಯರು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದರು. ಹೆಚ್ಚೇನೂ ಇಳಿಯಲಿಲ್ಲ.

“ತಲೆನೋವು, ತಲೆಸುತ್ತು ಏನಾದರೂ ಉಂಟೇ?” ಎಂದರು.

“ಏನೂ ಇಲ್ಲ ಡಾಕ್ಟ್ರೇ.”

“ಅದೇ ಇದರ ಮೋಸ. ಎಷ್ಟು ಗಂಟೆ ನಿದ್ರೆ ಮಾಡುತ್ತೀರಿ?”

ಉತ್ತರಿಸಲು ತಡವರಿಸಿದೆ. ಅಂದು ರಾತ್ರಿ ಒಂದು ಹಾಳೆಯಲ್ಲಿ ವಾರದ ಗಂಟೆಗಳನ್ನು ಬರೆದೆ. ಬ್ಯಾಂಕಿನಲ್ಲಿ, ಶನಿವಾರಗಳನ್ನು ಸರಾಸರಿ ಹಿಡಿದು, ಐವತ್ತೆರಡು ಗಂಟೆ. ಭಾನುವಾರದ ತಿರುಗಾಟ ಮತ್ತು ರಾತ್ರಿಯ ಓದು ಹತ್ತು ಗಂಟೆ. ಕೆಲಸವೇ ಅರವತ್ತೆರಡು ಗಂಟೆಗಳಾದವು. ಲೋಕಲ್ ಪ್ರಯಾಣ ಇನ್ನು ಹದಿನಾಲ್ಕು. ನಿದ್ರೆಯ ಪಾಲಿಗೆ ದಿನಕ್ಕೆ ಐದೂವರೆ ಗಂಟೆಗಿಂತ ಹೆಚ್ಚು ಉಳಿಯುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರೊಂದಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 35ರಷ್ಟೂ, ಹೃದಯಕ್ಕೆ ರಕ್ತ ಪೂರೈಸುವ ನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಅಧಿಕವೆಂದು ಅದು ಅಂದಾಜು ಮಾಡಿದೆ. ನಾನು 55ರ ಗೆರೆಯನ್ನು ದಾಟಿ ಏಳು ಗಂಟೆ ಮುಂದೆ ಹೋಗಿದ್ದೆ. ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯಬೇಕೆಂದು ನಮಗೆ ಬಿ.ಕಾಂ. ತರಗತಿಯಲ್ಲಿ ಕಲಿಸಿದ್ದರು. ಆ ಸವಕಳಿಯನ್ನು ನಾನು ನನ್ನ ಶರೀರದ ಹೆಸರಿನಲ್ಲಿ ಎಂದೂ ಬರೆದಿರಲಿಲ್ಲ.

ಒಂದು ದಿನದ ಅಳತೆಯಿಂದ ಏನನ್ನೂ ನಿರ್ಧರಿಸಬಾರದೆಂದು ಹೇಳಿ, ವೈದ್ಯರು ಎರಡು ವಾರ ಮನೆಯಲ್ಲಿ ಬೆಳಗು-ಸಂಜೆ ಒತ್ತಡ ನೋಡಿ ಬರೆಯಲು ಸೂಚಿಸಿದರು. ಅಂಕಿಗಳು 140/90ರ ಕೆಳಗೆ ಬರಲಿಲ್ಲವಾದ್ದರಿಂದ ಒಂದು ಮಾತ್ರೆ ಆರಂಭವಾಯಿತು. ಅದರೊಂದಿಗೆ ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ. ಊರಿನಿಂದ ಬರುವ ಮಿಡಿ ಉಪ್ಪಿನಕಾಯಿಗೂ ಒಣಮೀನಿಗೂ ವಿದಾಯ ಹೇಳುವುದು ಸುಲಭವಾಗಲಿಲ್ಲ. ವಾರಕ್ಕೆ 150 ನಿಮಿಷದ ಚುರುಕಾದ ನಡಿಗೆ. ಏಳು ಗಂಟೆಯ ನಿದ್ರೆ. ಏಳು ಗಂಟೆ ನಿದ್ರಿಸಬೇಕಾದರೆ ಯಾವುದನ್ನಾದರೂ ಬಿಡಲೇಬೇಕು. ಪರೀಕ್ಷೆ ಮುಗಿದಿತ್ತು, ಭಾನುವಾರದ ತಿರುಗಾಟವನ್ನು ತಿಂಗಳಿಗೆ ಒಂದಕ್ಕೆ ಇಳಿಸಿದೆ. ಮೊದಲ ಭಾನುವಾರ ಮನೆಯಲ್ಲಿ ಉಳಿದಾಗ ಮಗಳು, “ಅಪ್ಪ, ಇವತ್ತು ಯಾರೂ ಮನೆ ಕೊಳ್ಳುವುದಿಲ್ಲವೇ?” ಎಂದು ಕೇಳಿದಳು. ತಮಾಷೆಗೆಂದೇ ಕೇಳಿದ್ದಳು. ಆದರೂ ಆ ಮಾತು ನಾಟಿತು.

ಹೊರಡುವ ಮುನ್ನ

ನನ್ನ ನಿರ್ಧಾರವನ್ನು ಇಲ್ಲಿ ಬರೆದುಬಿಡುತ್ತೇನೆ. 2004ರಲ್ಲಿ ಸೇವೆಗೆ ಸೇರಿದವನಾದ ನನಗೆ ಇಪ್ಪತ್ತು ವರ್ಷದ ಸೇವೆ ಪೂರ್ತಿಯಾಗಿದೆ. 1995ರ ಬ್ಯಾಂಕ್ ಪಿಂಚಣಿ ನಿಯಮಗಳಂತೆ, ಇಪ್ಪತ್ತು ವರ್ಷದ ಅರ್ಹ ಸೇವೆಯ ಬಳಿಕ ಮೂರು ತಿಂಗಳ ನೋಟೀಸು ಕೊಟ್ಟು ಸ್ವಯಂನಿವೃತ್ತಿ ಪಡೆಯಬಹುದು. ಆದರೆ ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕು. ಬೇಗ ಹೊರಟರೆ ಪಿಂಚಣಿಯೂ ಆ ಪ್ರಮಾಣದಲ್ಲಿ ಕುಗ್ಗುತ್ತದೆ. 2010ರ ಏಪ್ರಿಲ್ ಬಳಿಕ ಸೇರಿದವರಿಗೆ ಈ ಹಳೆಯ ಪಿಂಚಣಿಯೇ ಇಲ್ಲವೆಂಬುದನ್ನು ಕಿರಿಯ ಮಿತ್ರರು ಗಮನಿಸಬೇಕು. ಮಗಳ ಪದವಿ ಮುಗಿದು, ಮನೆಸಾಲ ತೀರುವುದು ನನ್ನ ಐವತ್ತನೆಯ ವಯಸ್ಸಿಗೆ. ಅಲ್ಲಿಯವರೆಗೆ ಪೇಟೆಯ ಕಲಿಕೆ ಮಾತ್ರ; ಗಳಿಕೆ ಇಲ್ಲ. ಆಮೇಲೆ ಮಹಾರೇರಾ ನೋಂದಣಿ, ಆಮೇಲೆ ಫಲಕ.

ನನ್ನಂತೆ ಯೋಚಿಸುತ್ತಿರುವ ಬಾಂಧವರಿಗೆ ಕೆಲವು ನಮ್ರ ಸೂಚನೆಗಳು. ಮೊದಲನೆಯದಾಗಿ, ನೌಕರಿಯ ನಿಯಮಗಳನ್ನು ಓದಿ, ಅನುಮಾನವಿದ್ದರೆ ಬರಹದಲ್ಲಿ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ನಿವೃತ್ತಿಯ ಬಳಿಕ ಕೆಲಕಾಲ ವ್ಯಾಪಾರಕ್ಕೆ ಅನುಮತಿ ಬೇಕೇ ಎಂಬುದನ್ನೂ ಕೇಳಿರಿ. ಎರಡನೆಯದಾಗಿ, ನೌಕರಿ ಬಿಟ್ಟ ಮರುದಿನದಿಂದ ವೈದ್ಯಕೀಯ ವಿಮೆಯ ಕಂತು ಯಾರ ಹೆಗಲಿಗೆ, ನೌಕರರಿಗೆಂದು ಕಡಿಮೆ ಬಡ್ಡಿಗೆ ಕೊಟ್ಟ ಗೃಹಸಾಲದ ಗತಿ ಏನು ಎಂಬುದನ್ನು ತಿಳಿದುಕೊಳ್ಳಿರಿ. ಮೂರನೆಯದಾಗಿ, ಇಡುಗಂಟನ್ನು ವ್ಯಾಪಾರಕ್ಕೆ ಹಾಕಬೇಡಿರಿ. ಈ ವೃತ್ತಿಯಲ್ಲಿ ಬೇಕಾದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಜ್ಞಾನ ಮತ್ತು ನಂಬಿಕೆ. ನಾಲ್ಕನೆಯದಾಗಿ, ವಾರದ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಅದೇ ಹಾಳೆಯ ಕೆಳಗೆ ಬರೆಯಿರಿ. ಮೊತ್ತ ಸರಿಹೊಂದದಿದ್ದರೆ ಹೊರಡುವ ದಿನವನ್ನು ಮುಂದಕ್ಕೆ ಹಾಕಿರಿ. ಕೊನೆಯದಾಗಿ, ಮನೆಯವರೊಡನೆ ಮೊದಲು ಮಾತಾಡಿರಿ. ಬಾರದ ಸಂಬಳದ ತಿಂಗಳನ್ನು ನಮಗಿಂತ ಮೊದಲು ಅನುಭವಿಸುವವರು ಅವರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕಟ್ಟುವಷ್ಟು ಜಾಗವಿಲ್ಲದ ಈ ಮಹಾನಗರದಲ್ಲಿ, ಇತರರಿಗೆ ಒಂದು ಸೂರು ದೊರಕಿಸಿಕೊಡುವ ಕೆಲಸವೂ ಸಣ್ಣದೇನಲ್ಲ. ಆ ಕೆಲಸಕ್ಕೆ ನಾವು ಹೋಗಬೇಕಾದುದು ಆರೋಗ್ಯವಂತರಾಗಿ, ಯಾರಿಗೂ ಅಂಜಬೇಕಾಗಿಲ್ಲದ ಸ್ಥಿತಿಯಲ್ಲಿ. ಮೊನ್ನೆ ಬೆಳಿಗ್ಗೆ ನನ್ನ ಒತ್ತಡ 128/82 ಇತ್ತು. ಆ ಅಂಕಿಯನ್ನು ಪಾಸ್‌ಬುಕ್ಕಿನ ಶಿಲ್ಕಿನಂತೆ ಎರಡು ಬಾರಿ ಓದಿ, ಹೆಂಡತಿಗೂ ತೋರಿಸಿ, ಎಂದಿನಂತೆ ಲೋಕಲ್ ಹಿಡಿಯಲು ಹೊರಟೆ. ಇನ್ನು ನಾಲ್ಕು ವರ್ಷ ಅದೇ ದಾರಿ.